ಅಳಿಲು ಬೇಟೆಯ ಕೋವಿ: 32, 36, 40ರಲ್ಲಿ ಯಾವುದು?

ಅಳಿಲಿಗೆ 32ರ ಕೋವಿ ಸಾಕು ಎಂದು ಅಮೆರಿಕದ ಕೆಂಟಕಿ, ಟೆನೆಸಿ ಕಡೆಯ ಹಳಬರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸಾಕು ಎಂಬುದೇನೋ ನಿಜ. ಆದರೆ ಬಾಯಿಂದ ಈಡು ತುಂಬುವ ಕೋವಿಯಲ್ಲಿ ಹೊಡೆಯುವುದು ಕ್ಷಣದ ಕೆಲಸ. ತುಂಬುವುದು, ಒರೆಸುವುದು, ಮನೆಗೆ ಬಂದು ತೊಳೆಯುವುದು ಉಳಿದ ದಿನದ ಕೆಲಸ. 32, 36, 40 ಮೂರನ್ನೂ ಕೆಂಟಕಿಯ ಹಿಕರಿ ಮರಗಳ ಕಾಡಿನಲ್ಲಿ ಹೆಗಲಿಗೇರಿಸಿ ಅಲೆದ ಮೇಲೆ ನನಗೆ ಅನ್ನಿಸಿದ್ದು: ಬೋರಿನ, ಅಂದರೆ ನಳಿಗೆಯ ಬಾಯಗಲದ, ವ್ಯತ್ಯಾಸ ಅಳಿಲಿಗೆ ತಿಳಿಯುವುದಿಲ್ಲ, ಈಡು ದೂಡುವ ಗಜಕ್ಕೆ ತಿಳಿಯುತ್ತದೆ.

ಮಲೆನಾಡು, ಕೊಡಗಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿದವರಿಗೆ ಒಂದು ಮಾತು. ಅಲ್ಲಿನ ನಳಿಗೆ ಒಳಗೆ ನುಣುಪು, ಚರೆ ತುಂಬಿ ಹೊಡೆಯುವಂಥದ್ದು. ಇಲ್ಲಿ ಹೇಳುತ್ತಿರುವ ಕೋವಿಗಳ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಎಣ್ಣೆ ಹಚ್ಚಿದ ಬಟ್ಟೆಯ ಬಿಲ್ಲೆಯಲ್ಲಿ ಸುತ್ತಿದ ಒಂದೇ ಒಂದು ಸೀಸದ ಗುಂಡು ಒಳಗಿಳಿಯುತ್ತದೆ. 32 ಎಂದರೆ ಇಂಚಿನ ನೂರು ಪಾಲಿನಲ್ಲಿ ಮೂವತ್ತೆರಡು ಅಗಲದ ಬಾಯಿ. ಇನ್ನು ಅಳಿಲು, ರಾಮ ಬೆನ್ನು ಸವರಿದ ನಮ್ಮ ಗೆರೆಯ ಅಳಿಲಲ್ಲ. ಅರ್ಧ ಕಿಲೋ ತೂಗುವ ಬೂದು ಅಳಿಲು. ಆಗಸ್ಟ್‌ನ ಮೂರನೇ ಶನಿವಾರ ಕೆಂಟಕಿಯಲ್ಲಿ ಇದರ ಬೇಟೆ ಆರಂಭ, ಒಬ್ಬರಿಗೆ ದಿನಕ್ಕೆ ಆರರ ಮಿತಿ. ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನನ್ನಂಥವನಿಗೆ ಪರವಾನಗಿ ಕೊಂಡು ಬೇಟೆಗೆ ಹೋಗುವುದು ಇಂದಿಗೂ ಸ್ವಲ್ಪ ವಿಚಿತ್ರವೇ.

32ರ ಆಕರ್ಷಣೆ ಅದರ ಮಿತವ್ಯಯ. ಅದರ ಗುಂಡು ಸುಮಾರು 45 ಗ್ರೇನ್. ಒಂದು ಪೌಂಡ್ ಸೀಸ ಕರಗಿಸಿದರೆ ನೂರೈವತ್ತಕ್ಕೂ ಮೇಲೆ ಗುಂಡು ಎರೆಯಬಹುದು. 20 ಗ್ರೇನ್ ಮದ್ದು, ಅಂದರೆ ಒಂದೂಕಾಲು ಗ್ರಾಂ ಚಿಲ್ಲರೆ, ಒಂದು ಈಡಿಗೆ ಧಾರಾಳ. ಒಂದು ಪೌಂಡ್ ಮದ್ದಿನಲ್ಲಿ 350 ಈಡು. ಸದ್ದು ಸಣ್ಣದು, ಹೆಗಲಿಗೆ ಒದೆತವೇ ಇಲ್ಲ. ಅಪಲೇಚಿಯನ್ ಬೆಟ್ಟಗಳಲ್ಲಿ ದೊಡ್ಡ ಪ್ರಾಣಿಗಳು ವಿರಳವಾದ ಹಾಗೆ ಕೋವಿಯ ಬಾಯಿಯೂ ಏಕೆ ಕಿರಿದಾಯಿತು ಎಂಬುದು ಈ ಲೆಕ್ಕ ನೋಡಿದರೆ ಅರ್ಥವಾಗುತ್ತದೆ. ಸೀಸ, ಮದ್ದು ಎರಡೂ ದುಡ್ಡು ಕೊಟ್ಟು ದೂರದಿಂದ ಹೊತ್ತು ತರಬೇಕಿದ್ದ ವಸ್ತುಗಳು.

ಕಷ್ಟ ಶುರುವಾಗುವುದು ಎರಡನೇ ಈಡಿನಿಂದ. ಕಪ್ಪು ಮದ್ದು ಉರಿದ ಮೇಲೆ ನಳಿಗೆಯಲ್ಲಿ ಮಸಿ ಕಟ್ಟುತ್ತದೆ. ಕಿರಿದಾದ ಬಾಯಿಗೆ ಆ ಮಸಿಯ ಪದರವೇ ದೊಡ್ಡ ಅಡ್ಡಿ. ಎಂಜಲು ಹಚ್ಚಿದ ಬಟ್ಟೆಯಿಂದ ಒಮ್ಮೆ ಒರೆಸದೆ ಮುಂದಿನ ಗುಂಡು ಸಲೀಸಾಗಿ ಇಳಿಯುವುದಿಲ್ಲ. ಬಲ ಹಾಕಿ ದೂಡೋಣವೆಂದರೆ ಗಜದ ದಪ್ಪ ಕಾಲಿಂಚು ಮಾತ್ರ. ಹಿಕರಿ ಮರದ್ದಾದರೂ ಬಿಲ್ಲಿನಂತೆ ಬಾಗುತ್ತದೆ, ಮುರಿದರೆ ಅದರ ಚೂಪು ತುದಿ ನೇರ ಅಂಗೈಗೆ. ನಳಿಗೆಯ ಬಾಯಿಂದ ಒಂದು ಗೇಣು ಮಾತ್ರ ಹಿಡಿದು ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಬಟಾಣಿಗಿಂತ ದೊಡ್ಡದಲ್ಲದ ಆ ಗುಂಡನ್ನು ನವೆಂಬರ್ ಚಳಿಯಲ್ಲಿ ಮರಗಟ್ಟಿದ ಬೆರಳಿನಲ್ಲಿ ಹಿಡಿಯುವುದು, ಎಲೆರಾಶಿಯಲ್ಲಿ ಬಿದ್ದರೆ ಹುಡುಕುವುದು ಬೇರೆ ಪಾಡು. ಗಾಳಿ ಬೀಸಿದ ದಿನ ಐವತ್ತು ಗಜ ದೂರಕ್ಕೆ ಇದನ್ನು ನಾನು ನಂಬುವುದಿಲ್ಲ.

36 ಎಂದರೆ ಬರೀ ನಾಲ್ಕು ನೂರಂಶದ ಹೆಚ್ಚಳ. ಕೈಗೆ ಮಾತ್ರ ಅದು ಬೇರೆಯೇ ಕೋವಿ. ಗುಂಡು 65 ಗ್ರೇನ್ ಹತ್ತಿರ, ಮದ್ದು 20ರಿಂದ 25. ಗಜ ತುಸು ದಪ್ಪನಾದದ್ದು ಹಿಡಿಸುತ್ತದೆ, ಬಾಗಾಟ ಕಡಿಮೆ. ಒರೆಸದೆ ಎರಡು ಮೂರು ಈಡು ತುಂಬಬಹುದು. ಜೇನುಮೇಣಕ್ಕೆ ಆಲಿವ್ ಎಣ್ಣೆ ಬೆರೆಸಿ ಬಿಲ್ಲೆಗೆ ಹಚ್ಚಿದರೆ ಮಸಿ ಮೆತ್ತಗಿದ್ದು ಇನ್ನೂ ಸಲೀಸು. ಮೇಲೆ ಹಿಕರಿ ಕಾಯಿ ಕೊರೆಯುತ್ತಾ ಸಿಪ್ಪೆ ಉದುರಿಸುತ್ತಿರುವ ಅಳಿಲು ಮೊದಲ ಸದ್ದಿಗೆ ಕೊಂಬೆಗಂಟಿ ಸ್ತಬ್ಧವಾಗುತ್ತದೆ, ಕೆಲವು ನಿಮಿಷಕ್ಕೆ ಮತ್ತೆ ಬಾಲ ಆಡಿಸುತ್ತದೆ. ಅಷ್ಟರೊಳಗೆ ಮೈ ಹೆಚ್ಚು ಅಲುಗಿಸದೆ ತುಂಬಿ ಮುಗಿಸಲು ನನಗೆ ಸಾಧ್ಯವಾದದ್ದು 36ರಲ್ಲಿ. ಬೇರೆ ಕಾರಣವೇ ಬೇಕಿಲ್ಲ.

40ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗುರಿಹಲಗೆಗೆ ಹೊಡೆಯುವವರಿಗೆ ಅದು ಚೆನ್ನ. 90 ಗ್ರೇನಿನ ಗುಂಡಿಗೆ ಗಾಳಿಯ ಲೆಕ್ಕವೂ ಕಡಿಮೆ. ಅಳಿಲಿಗೆ ಮಾತ್ರ ತಲೆಗೇ ಬಿದ್ದರೆ ಸರಿ, ಮೈಗೆ ಬಿದ್ದರೆ ಸಾರಿಗೆ ಏನೂ ಉಳಿಯದು. ಅಳಿಲನ್ನು ಮುಟ್ಟದೆ ಅದರ ಹೊಟ್ಟೆಯಡಿಯ ತೊಗಟೆಗೆ ಗುಂಡು ಹಾಕಿ, ಆ ಪೆಟ್ಟಿನಿಂದಲೇ ಕೆಡವುವ ಹಳೆಯ ವಿದ್ಯೆಯೊಂದಿದೆ. ಕೆಂಟಕಿಯ ಹೆಸರಾಂತ ಹಳೆಯ ಬೇಟೆಗಾರ ಡೇನಿಯಲ್ ಬೂನ್ ಕೆಂಟಕಿ ನದಿಯ ದಡದಲ್ಲಿ ಹಾಗೆ ಹೊಡೆದದ್ದನ್ನು ಕಂಡೆನೆಂದು ಪಕ್ಷಿ ಚಿತ್ರಕಾರ ಆಡುಬಾನ್ ಬರೆದಿದ್ದಾನೆ. ನನ್ನ ಕೈಯಲ್ಲಿ ತೊಗಟೆ ಹಾರಿದ್ದಷ್ಟೇ, ಅಳಿಲು ಪಕ್ಕದ ಮರಕ್ಕೆ. ಯಾವ ಬೋರಾದರೂ ಕಾಂಡವೋ ದಪ್ಪ ಕೊಂಬೆಯೋ ಹಿಂದೆ ಇದ್ದಾಗ ಮಾತ್ರ ಹೊಡೆಯಬೇಕು. ಬರೀ ಆಕಾಶವಿದ್ದರೆ ಗುಂಡು ಯಾರ ಅಂಗಳಕ್ಕೆ ಇಳಿಯುವುದೋ ಹೇಳಲಾಗದು.

ಮದ್ದು ಹೊತ್ತಿಸಲು ಕಿಡಿ ಹಾರಿಸುವ ಚಕಮಕಿ ಕಲ್ಲಿನದೋ, ಪೆಟ್ಟಿಗೆ ಸಿಡಿಯುವ ಪುಟ್ಟ ಕೇಪಿನದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಕಲ್ಲಿನ ಕೋವಿಗೆ ನಿಜವಾದ ಕಪ್ಪು ಮದ್ದೇ ಬೇಕು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪೈರೋಡೆಕ್ಸ್‌ನಂಥ ಬದಲಿಗಳಿಗೆ ಬೆಂಕಿ ಹತ್ತಲು ಹೆಚ್ಚು ಶಾಖ ಬೇಕಾಗುವುದರಿಂದ ಕಿಡಿಗೆ ಅವು ಸರಿಯಾಗಿ ಹೊತ್ತಿಕೊಳ್ಳವು. ಹತ್ತಿರದಲ್ಲಿ ಕಪ್ಪು ಮದ್ದು ಸಿಗದವರು ಕೇಪಿನದನ್ನೇ ಕೊಳ್ಳಲಿ.

ಒಂದೇ ಕೋವಿ ಕೊಳ್ಳುವವರಿಗೆ 36 ಎನ್ನುತ್ತೇನೆ. ಈಗಾಗಲೇ 32 ಮನೆಯಲ್ಲಿದ್ದರೆ ಮಾರಬೇಡಿ. ಗಾಳಿಯಿಲ್ಲದ ಆಗಸ್ಟ್ ಬೆಳಗಿಗೆ ಅದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಮನೆಯಲ್ಲಿ ತೊಳೆಯಲು ಉಕ್ಕಿನ ಗಜವೊಂದನ್ನು, ಅದೇ ಬೋರಿಗೆ ಹೊಂದುವ ಒರೆಸುವ ತುದಿಯನ್ನು ಕೋವಿಯ ಜೊತೆಯಲ್ಲೇ ತರಿಸಿಕೊಳ್ಳಿ. 50ರ ಬೋರಿನ ಸಾಮಾನು ಎಲ್ಲ ಅಂಗಡಿಯಲ್ಲೂ ತೂಗಾಡುತ್ತಿರುತ್ತದೆ, 32ರದ್ದು ಹುಡುಕಬೇಕು.