ಲೆಗ್ ಸ್ಪಿನ್ ಕಲಿಯುವ ಮಕ್ಕಳ ಕೈಗೆ ಯಾವ ಚೆಂಡು?

ಹತ್ತರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಲೆಗ್ ಸ್ಪಿನ್, ಅಂದರೆ ಮಣಿಕಟ್ಟು ತಿರುಗಿಸಿ ಚೆಂಡಿಗೆ ತಿರುವು ಕೊಡುವ ಬೌಲಿಂಗ್, ಹೇಳಿಕೊಡುವುದಾದರೆ ನಾಲ್ಕೂಮುಕ್ಕಾಲು ಔನ್ಸಿನ ಜೂನಿಯರ್ ಲೆದರ್ ಬಾಲನ್ನೇ ತಗೊಳ್ಳಿ. ತುಮಕೂರಿನಂಥ ಗರಸು ಮೈದಾನದಲ್ಲಿ, ಕಾಂಕ್ರೀಟ್ ಪಿಚ್ ಮೇಲೆ ಮ್ಯಾಟ್ ಹಾಸಿ, ನಾಲ್ಕು ಬಗೆಯ ಚೆಂಡನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿ ಹೇಳುತ್ತಿದ್ದೇನೆ.

ದೊಡ್ಡವರ ಲೆದರ್ ಬಾಲ್ ಈ ವಯಸ್ಸಿಗೆ ಬೇಡವೇ ಬೇಡ. 156ರಿಂದ 163 ಗ್ರಾಂ ತೂಗುವ ಅದು ಸಣ್ಣ ಬೆರಳುಗಳಲ್ಲಿ ನಿಲ್ಲದೆ ಅಂಗೈಗೆ ಇಳಿಯುತ್ತದೆ. ಆಗ ಮಣಿಕಟ್ಟು ತಿರುಗುವುದಿಲ್ಲ, ಮಗು ಮೊಣಕೈ ಮಡಚಿ ಎಸೆಯುತ್ತದೆ.

ಟೆನಿಸ್ ಬಾಲ್ 60 ಗ್ರಾಂ ಒಳಗೇ ಇರುವುದರಿಂದ ಕೈಗೆ ಹಗುರ. ಆದರೆ ಬೆರಳಿಗೆ ಸಿಗುವ ಸೀಮ್, ಅಂದರೆ ಚೆಂಡಿನ ಸುತ್ತ ಎದ್ದಿರುವ ಹೊಲಿಗೆ, ಇಲ್ಲ. ಮೈ ಬಿಸಿ ಮಾಡಿಕೊಳ್ಳಲು ಸಾಕು.

ಸಿಂಥೆಟಿಕ್ ಬಾಲ್ ವಿಚಾರದಲ್ಲಿ ಎಷ್ಟೋ ತಂದೆತಾಯಿ ಮೋಸ ಹೋಗುತ್ತಾರೆ. ಅಗ್ಗ, ಗರಸಿಗೆ ಹರಿಯುವುದಿಲ್ಲ, ಸೀಮ್ ಕೂಡ ಕಾಣುತ್ತದೆ. ತೊಂದರೆ ಇರುವುದು ಆ ಸೀಮಿನಲ್ಲೇ. ಅದು ಹೊಲಿಗೆಯಲ್ಲ, ಅಚ್ಚಿನಲ್ಲಿ ಎದ್ದ ಪ್ಲಾಸ್ಟಿಕ್ ಗೆರೆ, ನುಣುಪು. ಲೆಗ್ ಸ್ಪಿನ್ನಿನ ಮೂಲ ಎಸೆತವಾದ ಲೆಗ್ ಬ್ರೇಕ್‌ಗೆ ತಿರುವು ಕೊಡುವುದು ಮುಖ್ಯವಾಗಿ ಉಂಗುರ ಬೆರಳು. ಆ ಬೆರಳಿಗೆ ಹಿಡಿತ ಸಿಗದಿದ್ದರೆ ಮಗು ಐದೂ ಬೆರಳಿಂದ ಚೆಂಡನ್ನು ಹಿಂಡಿ ಹಿಡಿಯುತ್ತದೆ. ಹಿಂಡಿದ ಕೂಡಲೇ ಮುಂಗೈ ಸ್ನಾಯು ಬಿಗಿದು ಮಣಿಕಟ್ಟು ಮರಗಟ್ಟುತ್ತದೆ. ಕೊನೆಗೆ ತಿರುವಿನ ಕೆಲಸವೆಲ್ಲ ಮೊಣಕೈ, ಭುಜದ ಮೇಲೆ ಬೀಳುತ್ತದೆ.

ಬೆಳಗಿನ ಇಬ್ಬನಿಗೆ ಮ್ಯಾಟ್ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಸಿಂಥೆಟಿಕ್ ಬಾಲನ್ನು ಮರಳು ಕಾಗದದಿಂದ ಉಜ್ಜಿದರೆ ಹೊಳಪು ಹೋಗುತ್ತದೆ ನಿಜ, ಹಿಡಿತ ಮಾತ್ರ ದಾರದಷ್ಟು ಬರುವುದಿಲ್ಲ. ಮಗುವಿಗೆ ಕಲಿಯಲು ಬರುತ್ತಿಲ್ಲ ಎಂದು ಬೈಯುವ ಮೊದಲು ಚೆಂಡು ಬದಲಿಸಿ ನೋಡಿ.

ಜೂನಿಯರ್ ಲೆದರ್ ಬಾಲ್ 133ರಿಂದ 144 ಗ್ರಾಂ ಇರಬೇಕು, ಸುತ್ತಳತೆ 20.5ರಿಂದ 22 ಸೆಂಟಿಮೀಟರ್. ಡಬ್ಬಿಯ ಮೇಲಿನ ಬರಹ ನಂಬಬೇಡಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. ಹೊಸ ಚೆಂಡಿನ ಮೆರುಗು ಜಾರುತ್ತದೆ, ಒಂದಷ್ಟು ಸವೆದದ್ದೇ ಕಲಿಕೆಗೆ ಒಳ್ಳೆಯದು. ತೋರುಬೆರಳು, ಮಧ್ಯದ ಬೆರಳು ಸೀಮಿಗೆ ಅಡ್ಡ, ಉಂಗುರ ಬೆರಳು ಮಡಚಿ ಸೀಮಿನ ಮೇಲೆ, ಹೆಬ್ಬೆರಳು ಸುಮ್ಮನೆ ಆನಿಕೆಗೆ. ಮೊದಲು ಹತ್ತು ಗಜದಿಂದ ಕೆಳಗೈಯಲ್ಲಿ ತಿರುಗಿಸಲಿ, ಆಮೇಲೆ ನಿಂತಲ್ಲೇ ಪಕ್ಕಕ್ಕೆ ತಿರುಗಿ ಕೈ ಬೀಸಲಿ, ರನ್ಅಪ್ ಕೊನೆಗೆ. ಸೀಮ್ ಸ್ಲಿಪ್ (ವಿಕೆಟ್ ಕೀಪರ್ ಪಕ್ಕದ ಫೀಲ್ಡರ್) ಕಡೆಗೆ ವಾಲಿ ಗಾಳಿಯಲ್ಲಿ ಸ್ಥಿರವಾಗಿ ಸುತ್ತಿದರೆ ಬಿಡುವ ಕ್ರಮ ಸರಿಯಿದೆ. ಚೆಂಡು ಅಡ್ಡಾದಿಡ್ಡಿ ಉರುಳಿದರೆ ಮತ್ತೆ ಹತ್ತು ಗಜಕ್ಕೆ ಬನ್ನಿ.

ಮಕ್ಕಳು ಗೂಗ್ಲಿ, ಅಂದರೆ ಲೆಗ್ ಬ್ರೇಕಿಗೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತ, ಕೇಳುತ್ತಾರೆ, ಈಗಲೇ ಕೊಡಬೇಡಿ. ಅದಕ್ಕೆ ಭುಜ ಇಳಿಸಿ ಮಣಿಕಟ್ಟನ್ನು ಪೂರ್ತಿ ಒಳಗೆ ತಿರುಗಿಸಬೇಕಾಗುತ್ತದೆ, ಎಲುಬು ಗಟ್ಟಿಯಾಗದ ಕೈಗೆ ಅದು ಹೆಚ್ಚಿನ ಹೊರೆ. ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಅಂಥವರಿಗೇ 1996ರಲ್ಲಿ ಬೆರಳಿಗೆ, 1998ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು. ಮೊಣಕೈ ಒಳಬದಿ ನೋವು ಅಂದ ದಿನ ಬೌಲಿಂಗ್ ನಿಲ್ಲಿಸಿ.

ಲೆದರ್ ಬಾಲಿನ ಕೊರತೆ ಒಂದೇ: ಗರಸಿಗೆ ಬಿದ್ದರೆ ಹೊಲಿಗೆ ಬೇಗ ಬಿಚ್ಚುತ್ತದೆ. ಸ್ಟಂಪಿನ ಹಿಂದೆ ಹಳೇ ಸೊಳ್ಳೆ ಪರದೆ ಕಟ್ಟಿದರೆ ಬಾಳಿಕೆ ಹೆಚ್ಚುತ್ತದೆ. ಹತ್ತು ಮಕ್ಕಳಿಗೆ ಎರಡು ಲೆದರ್, ಉಳಿದ ದುಡ್ಡಿಗೆ ಟೆನಿಸ್ ಬಾಲ್ ಕೊಂಡರೆ ಆಯಿತು.