ಬ್ಯಾಂಡ್‌ಕ್ಯಾಂಪ್: ಡಾಲರಿನಲ್ಲಿ ಕೊಂಡ ಬಾಗೇಶ್ರೀ

ಕಳೆದ ಐದಾರು ವರ್ಷಗಳಲ್ಲಿ ಬ್ಯಾಂಡ್‌ಕ್ಯಾಂಪ್ ಎಂಬ ಜಾಲತಾಣದಿಂದ ಸುಮಾರು ಅರವತ್ತು ಆಲ್ಬಂಗಳನ್ನು ಹಣ ಕೊಟ್ಟು ಕೊಂಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕಂಪನಿಗಳ ಹಂಗಿಲ್ಲದೆ, ಒಬ್ಬರೋ ಇಬ್ಬರೋ ಮನೆಯ ಕೋಣೆಯಲ್ಲಿ ಕೂತು ಮಾಡಿದ ಎಲೆಕ್ಟ್ರಾನಿಕ್ ಮತ್ತು ಪ್ರಾಯೋಗಿಕ ಸಂಗೀತ. ಇದನ್ನು ಅಂಗಡಿ ಎಂದು ಬೇಕೆಂದೇ ಕರೆಯುತ್ತೇನೆ. ತಿಂಗಳ ಚಂದಾ ಕಟ್ಟಿ ಕೇಳುವ ಆ್ಯಪ್‌ಗಳಲ್ಲಿ ನಾವು ಬಾಡಿಗೆದಾರರು; ಚಂದಾ ನಿಂತ ದಿನ ಹಾಡೂ ನಿಲ್ಲುತ್ತದೆ. ಇಲ್ಲಿ ಹಾಗಲ್ಲ. ಹಣ ಕೊಟ್ಟರೆ ಫೈಲ್ ನಮ್ಮ ಡಿಸ್ಕಿಗೆ ಇಳಿಯುತ್ತದೆ, ಪೆನ್‌ಡ್ರೈವಿಗೆ ಹಾಕಿಕೊಳ್ಳಬಹುದು, ಇಂಟರ್ನೆಟ್ ಇಲ್ಲದ ಊರಿನಲ್ಲೂ ಕೇಳಬಹುದು.

2008ರಲ್ಲಿ ಈಥನ್ ಡೈಮಂಡ್ ಮತ್ತು ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಈ ಸೇವೆಯ ವ್ಯವಹಾರ ಸರಳವಾಗಿದೆ. ಬೆಲೆಯನ್ನು ಕಲಾವಿದರೇ ನಿಗದಿ ಮಾಡುತ್ತಾರೆ. ಕೆಲವರು ಬೆಲೆಯ ಜಾಗವನ್ನು ಖಾಲಿ ಬಿಟ್ಟು, ಕೊಂಡವರಿಗೆ ತೋಚಿದ್ದನ್ನು ಕೊಡಲಿ ಎನ್ನುತ್ತಾರೆ. ನಿಗದಿಯಾದ ಬೆಲೆಗಿಂತ ಹೆಚ್ಚು ಕೊಡುವುದಕ್ಕೂ ಅವಕಾಶವಿದೆ. ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ ಶೇ. 15 ಇಟ್ಟುಕೊಳ್ಳುತ್ತದೆ, ವರ್ಷದ ಮಾರಾಟ 5,000 ಡಾಲರ್ ದಾಟಿದವರಿಗೆ ಅದು ಶೇ. 10ಕ್ಕೆ ಇಳಿಯುತ್ತದೆ, ಕ್ಯಾಸೆಟ್, ಎಲ್‌ಪಿ, ಟೀ ಶರ್ಟ್‌ಗಳಂಥ ವಸ್ತುಗಳ ಮೇಲೆ ಶೇ. 10. ಏಳು ಡಾಲರಿನ ಆಲ್ಬಂ ಕೊಂಡರೆ ಒಂದು ಡಾಲರ್ ಐದು ಸೆಂಟ್ ಅಂಗಡಿಗೆ, ಒಂದಿಷ್ಟು ಪಾವತಿ ಶುಲ್ಕಕ್ಕೆ, ಉಳಿದದ್ದು ಮಾಡಿದವರ ಕೈಗೆ. ಇಡೀ ಜಗತ್ತಿನಲ್ಲಿ ಇನ್ನೂರು ಮಂದಿ ಕೇಳುವ ಸಂಗೀತಕ್ಕೆ ಈ ಲೆಕ್ಕ ಬಹಳ ಮುಖ್ಯ. ಅಂಥ ಸಂಗೀತವನ್ನು ಪ್ಲೇ ಎಣಿಸಿ ಪೈಸೆ ಹಂಚುವ ವ್ಯವಸ್ಥೆಗೆ ಹಾಕಿದರೆ ಕಲಾವಿದರಿಗೆ ಚಹಾದ ಖರ್ಚೂ ಹುಟ್ಟುವುದಿಲ್ಲ. ಅದೇ ಇನ್ನೂರು ಮಂದಿ ಏಳೇಳು ಡಾಲರ್ ಕೊಟ್ಟರೆ ಮುಂದಿನ ಆಲ್ಬಂ ಮಾಡುವಷ್ಟು ಹಣವಾಗುತ್ತದೆ.

ಸರಕಿನ ಗುಣಮಟ್ಟದ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ಕಲಾವಿದರು ಮೂಲ ಧ್ವನಿಯನ್ನು ನಷ್ಟವಿಲ್ಲದ ರೂಪದಲ್ಲೇ, ಅಂದರೆ ಧ್ವನಿಯ ಯಾವ ಅಂಶವನ್ನೂ ಕತ್ತರಿಸದೆ, ಏರಿಸಬೇಕೆಂಬುದು ಇಲ್ಲಿನ ನಿಯಮ. ಆದ್ದರಿಂದ ಕೊಂಡವರು ಎಂಪಿ3, ನಷ್ಟವಿಲ್ಲದ ಫ್ಲ್ಯಾಕ್ ಮತ್ತು ವೇವ್ ಮೊದಲಾದ ಹಲವು ರೂಪಗಳಲ್ಲಿ ಬೇಕಾದುದನ್ನು, ಬೇಕಾದಷ್ಟು ಸಲ ಇಳಿಸಿಕೊಳ್ಳಬಹುದು. ಆದರೆ ಕೊಳ್ಳುವ ಮೊದಲು ಪುಟದಲ್ಲಿ ಕೇಳಿಸುವುದು ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಮಾತ್ರ, ಮತ್ತು ಅದನ್ನು ಕೇಳಿಯೇ ಆಲ್ಬಂ ಚೆನ್ನಾಗಿಲ್ಲವೆಂದು ತೀರ್ಮಾನಿಸುವುದು ತಪ್ಪು. ಒಂದೇ ಸ್ವರವನ್ನು ಹತ್ತು ನಿಮಿಷ ಹಿಡಿದು ನಿಲ್ಲಿಸುವ ಡ್ರೋನ್ ಸಂಗೀತದಲ್ಲಿ ಈ ವ್ಯತ್ಯಾಸ ಎದ್ದು ಕೇಳುತ್ತದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರ, ಸರಿಯಾಗಿ ಕೂತಾಗ ಮೀಟಿದ ತಂತಿಯ ಮೇಲೆ ಇನ್ನೊಂದು ಸ್ವರ ತಾನಾಗಿ ತೇಲುತ್ತದಲ್ಲ, ಅಂಥ ಸೂಕ್ಷ್ಮವನ್ನೇ ನೆಚ್ಚಿಕೊಂಡ ಸಂಗೀತ ಇದು. ಹಿಂಡಿ ಚಿಕ್ಕದು ಮಾಡಿದ ಫೈಲಿನಲ್ಲಿ ಮೇಲಿನ ಆ ಪದರ ಮಂಕಾಗಿ, ಗಟ್ಟಿಯಾದ ಒಂದು ಗುಂಯ್ ಸದ್ದು ಮಾತ್ರ ಉಳಿಯುತ್ತದೆ. ಫ್ಲ್ಯಾಕ್‌ನಲ್ಲಿ ಆಲ್ಬಂ ಒಂದಕ್ಕೆ ಇನ್ನೂರು ಎಂಬಿಗೂ ಮಿಕ್ಕಿ ಜಾಗ ಬೇಕು ಎನ್ನುವುದು ನಿಜ. ಒಂದು ಟಿಬಿಯ ಡಿಸ್ಕ್ ಕೈಗೆಟುಕುವ ಬೆಲೆಗೆ ಸಿಗುವ ಈ ದಿನಗಳಲ್ಲಿ ಅದು ಕಾರಣವಾಗಬಾರದು.

ಇಲ್ಲಿ ಕೊಂಡ ಎರಡು ಆಲ್ಬಂಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಿದರೆ ಅಂಗಡಿಯ ಸ್ವಭಾವವೂ ತಿಳಿಯುತ್ತದೆ. ಮೊದಲನೆಯದು ಅರುಷಿ ಜೈನ್ ಅವರ 'ಡಿಲೈಟ್'. ಹಿಂದೂಸ್ತಾನಿ ಗಾಯನವನ್ನು ಕಲಿತು, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿದ ಇವರು ಮಾಡ್ಯುಲರ್ ಸಿಂಥಸೈಜರ್ (ಬಿಡಿ ಪೆಟ್ಟಿಗೆಗಳನ್ನು ವೈರಿನಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಮತ್ತು ಕಂಠ ಎರಡನ್ನೂ ಬಳಸಿ ಸಂಗೀತ ರಚಿಸುತ್ತಾರೆ. 2021ರ 'ಅಂಡರ್ ದ ಲೈಲಾಕ್ ಸ್ಕೈ' ಸೂರ್ಯಾಸ್ತದ ಹೊತ್ತಿಗೆಂದು ಮಾಡಿದ್ದು, 2024ರ ಮಾರ್ಚಿನಲ್ಲಿ ಲೀವಿಂಗ್ ರೆಕಾರ್ಡ್ಸ್ ಎಂಬ ಲೇಬಲ್, ಅಂದರೆ ಸಂಗೀತ ಪ್ರಕಾಶನ ಸಂಸ್ಥೆ, ಹೊರತಂದ 'ಡಿಲೈಟ್' ಬಾಗೇಶ್ರೀ ರಾಗವನ್ನು ಆಧರಿಸಿದ್ದು. ಧಾರವಾಡದಲ್ಲಿ ಬೆಳೆದ ಕಿವಿಗೆ ಬಾಗೇಶ್ರೀ ಎಂದರೆ ರಾತ್ರಿಯ ಹೊತ್ತು, ವಿಲಂಬಿತ ಲಯ, ಮತ್ತೆ ಮತ್ತೆ ಮಧ್ಯಮಕ್ಕೆ ಬಂದು ವಿಶ್ರಮಿಸುವ ಹಾಡುಗಾರಿಕೆ. ಆ ನಿರೀಕ್ಷೆ ಇಟ್ಟುಕೊಂಡು ಕೂತರೆ ಮೊದಲ ಹತ್ತು ನಿಮಿಷ ನಿರಾಸೆಯಾಗುತ್ತದೆ, ಏಕೆಂದರೆ ಇಲ್ಲಿ ರಾಗದ ಬಢತ್, ಅಂದರೆ ಸ್ವರ ಸ್ವರವಾಗಿ ರಾಗವನ್ನು ಬೆಳೆಸುವುದು, ಎಂಬುದು ಇಲ್ಲ. ರಾಗದ ಒಂದು ಸಣ್ಣ ತುಣುಕನ್ನು ಹಿಡಿದು, ಅದರದೇ ಪ್ರತಿಗಳನ್ನು ಒಂದರ ಮೇಲೊಂದು ಹಾಸಿ, ಕಂಠವನ್ನೂ ವಾದ್ಯವಾಗಿಸಿ ಹರಡುವುದು ಅವರ ಕ್ರಮ. ಎರಡನೆಯ ಸಲ, ಖ್ಯಾಲ್ ಎಂಬ ಹಿಂದೂಸ್ತಾನಿ ಗಾಯನ ಪ್ರಕಾರದ ಲೆಕ್ಕ ಬಿಟ್ಟು ಕೇಳಿದಾಗ, ಕೋಮಲ ಗಾಂಧಾರದ ಬಣ್ಣವೊಂದನ್ನೇ ಅಷ್ಟು ಹೊತ್ತು ನೋಡುತ್ತ ಕೂರುವ ಸುಖ ಸಿಕ್ಕಿತು. ಆದರೂ ನನ್ನ ತಕರಾರು ಒಂದು ಉಳಿದಿದೆ. ಸ್ವರದಿಂದ ಸ್ವರಕ್ಕೆ ಹೋಗುವ ದಾರಿಯಲ್ಲಿ, ಅಂದರೆ ಮೀಂಡಿನಲ್ಲಿ, ಬಾಗೇಶ್ರೀಯ ಅರ್ಧ ಜೀವವಿದೆ. ಪದರಗಳು ಹೆಚ್ಚಾದ ಕಡೆ ಆ ದಾರಿ ಮುಚ್ಚಿಹೋಗಿ ನಿಲ್ದಾಣಗಳಷ್ಟೇ ಕಾಣುತ್ತವೆ. ರಾಗ ಗೊತ್ತಿಲ್ಲದವರಿಗೆ ಇದು ಕೊರತೆಯೆಂದು ಅನಿಸಲಾರದು, ಗೊತ್ತಿದ್ದವರಿಗೆ ಅನಿಸದೆ ಇರದು.

ಎರಡನೆಯದು 2023ರಲ್ಲಿ ಬಂದ 'ದಿ ಎನ್‌ಐಡಿ ಟೇಪ್ಸ್'. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಒಂದನ್ನು ಸ್ಥಾಪಿಸಿ, ಭಾರತದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೊಗೆ ನಾಂದಿ ಹಾಡಿದರು. ಅಲ್ಲಿ 1972ರವರೆಗೆ ನಡೆದ ಕೆಲಸದ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಹಾಗೆಯೇ ಬಿದ್ದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಸ್ ಅವುಗಳನ್ನು ಗುರುತಿಸಿ, ಆಯ್ದು, ಕೇಳುವ ಸ್ಥಿತಿಗೆ ತಂದರು. ಐ.ಎಸ್. ಮಾಥುರ್, ಎಸ್.ಸಿ. ಶರ್ಮಾ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮತ್ತು ಗೀತಾ ಸಾರಾಭಾಯಿ ಅವರ ರಚನೆಗಳು ಇದರಲ್ಲಿವೆ. ಗೀತಾ ಅವರು ವಿಕ್ರಮ್ ಸಾರಾಭಾಯಿ ಅವರ ಸೋದರಿ. ಹೆಣ್ಣುಮಕ್ಕಳು ಪಖವಾಜ್ ಎಂಬ ತಾಳವಾದ್ಯವನ್ನು ಮುಟ್ಟದ ಕಾಲದಲ್ಲಿ ಅದನ್ನು ಕಲಿತವರು. 1946ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಪ್ರಾಯೋಗಿಕ ಸಂಗೀತ ರಚನಕಾರ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತ ಹೇಳಿಕೊಟ್ಟು, ಬದಲಿಗೆ ಅವರಿಂದ ಪಾಶ್ಚಾತ್ಯ ಸಂಗೀತ ಕಲಿತವರು.

ಮೂಗ್ ಯಂತ್ರದಲ್ಲಿ ಸ್ವರವೆಂದರೆ ವಿದ್ಯುತ್ ಒತ್ತಡ. ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲಕ್ಕೆ ಹೋಗುತ್ತದೆ. ಯಾವ ಪೆಟ್ಟಿಗೆಯಿಂದ ಯಾವ ಪೆಟ್ಟಿಗೆಗೆ ವೈರು ಸಿಕ್ಕಿಸಬೇಕೆಂಬುದು ನುಡಿಸುವವರಿಗೆ ಬಿಟ್ಟದ್ದು. ಕೋಣೆ ಬಿಸಿಯಾದರೆ ಅದರ ಶ್ರುತಿ ಅಲುಗುತ್ತದೆ. ಅಹಮದಾಬಾದಿನ ಮೇ ತಿಂಗಳಿನಲ್ಲಿ ಆ ಮಂದಿ ಷಡ್ಜವನ್ನು ಹೇಗೆ ಹಿಡಿದು ನಿಲ್ಲಿಸುತ್ತಿದ್ದರೋ ಎಂದು ನಾನು ಕೇಳುವಾಗಲೆಲ್ಲ ಯೋಚಿಸಿದ್ದೇನೆ. ಆಲ್ಬಮ್ಮಿನ ಎಲ್ಲ ರಚನೆಗಳೂ ಸಂಗೀತವಾಗಿ ನಿಲ್ಲುತ್ತವೆ ಎನ್ನಲಾರೆ. ಕೆಲವು ಹೊಸ ಯಂತ್ರ ಸಿಕ್ಕ ಹುರುಪಿನಲ್ಲಿ ಗುಂಡಿ ತಿರುಗಿಸಿ ನೋಡಿದ ಅಭ್ಯಾಸಗಳಷ್ಟೇ. ಆದರೆ ಶರ್ಮಾ ಅವರ 'ಡ್ಯಾನ್ಸ್ ಮ್ಯೂಸಿಕ್' ಎಂಬ ತುಣುಕುಗಳಿಗೂ ಜೋಶಿಪುರ ಅವರ 'ಸ್ಪೇಸ್ ಲೈನರ್ 2001'ಕ್ಕೂ ಆ ಮಾತು ಅನ್ವಯಿಸುವುದಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ವರ್ಷಗಳಲ್ಲಿ, ಎದುರಿಗೆ ಮಾದರಿಗಳೇ ಇಲ್ಲದಿದ್ದಾಗ, ಮುಂದಿನ ಶತಮಾನದ ಸದ್ದನ್ನು ಊಹಿಸಿ ಮಾಡಿದವು ಅವು. ಮಾಥುರ್ ಅವರ ಒಂದು ರಚನೆಯ ಹೆಸರು 'ಒನ್ಸ್ ಐ ಪ್ಲೇಡ್ ಎ ತಾನ್‌ಪುರಾ', ಒಂದಾನೊಂದು ಕಾಲದಲ್ಲಿ ನಾನು ತಂಬೂರಿ ನುಡಿಸಿದ್ದೆ ಎಂದು. ಆ ಹೆಸರಿನಲ್ಲಿರುವ ತುಂಟತನ ನನಗೆ ತುಂಬ ಹಿಡಿಸಿತು.

ಇಂಥ ಆಲ್ಬಂಗಳು ಕಣ್ಣಿಗೆ ಬೀಳುವುದು ಹೇಗೆ? ಬ್ಯಾಂಡ್‌ಕ್ಯಾಂಪಿನ ನಿಜವಾದ ಬಲವೂ ದೌರ್ಬಲ್ಯವೂ ಇಲ್ಲಿಯೇ ಇದೆ. ಪ್ರತಿಯೊಂದು ಆಲ್ಬಂಗೂ ಕಲಾವಿದರೇ ಟ್ಯಾಗ್ ಹಚ್ಚುತ್ತಾರೆ. ಪ್ರಾಯೋಗಿಕ ಎಂಬ ಟ್ಯಾಗ್ ಒತ್ತಿದರೆ ಫ್ರಿಜ್ಜಿನ ಮೋಟಾರಿನ ಸದ್ದು ಹಿಡಿದವರಿಂದ ಹಿಡಿದು ಪಿಯಾನೊದ ಮೇಲೆ ಒದ್ದೆ ಬಟ್ಟೆ ಹಾಸಿ ನುಡಿಸಿದವರವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ನಾನು ಕಂಡುಕೊಂಡ ಉತ್ತಮ ದಾರಿ ಬೇರೆ. ಆಲ್ಬಮ್ಮಿನ ಪುಟದಲ್ಲಿ ಅದನ್ನು ಕೊಂಡವರ ಪುಟ್ಟ ಚಿತ್ರಗಳು ಇರುತ್ತವೆ. ಒಂದನ್ನು ಒತ್ತಿದರೆ ಅವರ ಇಡೀ ಸಂಗ್ರಹ ತೆರೆದುಕೊಳ್ಳುತ್ತದೆ. ನನ್ನ ರುಚಿಗೆ ಹೊಂದುವ ಸಂಗ್ರಹವೊಂದನ್ನು ಹಿಡಿದು ಒಂದು ಭಾನುವಾರವಿಡೀ ಕಳೆದದ್ದುಂಟು. ಇದರ ಜೊತೆಗೆ 2016ರಿಂದ ನಡೆಯುತ್ತಿರುವ ಬ್ಯಾಂಡ್‌ಕ್ಯಾಂಪ್ ಡೈಲಿ ಎಂಬ ಪತ್ರಿಕಾ ವಿಭಾಗವಿದೆ. ಪ್ರಾಯೋಗಿಕ ಸಂಗೀತದ ಬಗ್ಗೆ ಇಷ್ಟು ಶ್ರದ್ಧೆಯಿಂದ, ಬರೆದವರ ಹೆಸರಿನೊಂದಿಗೆ ಬರುವ ಬರಹಗಳು ಬೇರೆಡೆ ಕಡಿಮೆ. ಅಂಗಡಿಯೇ ನಡೆಸುವ ಪತ್ರಿಕೆಯಾದ್ದರಿಂದ ಅಲ್ಲಿ ಕಟುವಾದ ಟೀಕೆ ಸಿಗುವುದಿಲ್ಲ ಎಂಬುದನ್ನು ನೆನಪಿನಲ್ಲಿಡಬೇಕು.

ಭಾರತದಲ್ಲಿ ಕೂತು ಕೊಳ್ಳುವವರಿಗೆ ಮಾತ್ರ ಈ ಅಂಗಡಿಯ ಮೆಟ್ಟಿಲು ಎತ್ತರವಾಗಿದೆ. ಯುಪಿಐ ಇಲ್ಲ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪಿನಲ್ಲಿ ತೆರೆದುಕೊಳ್ಳಬೇಕು, ಇಲ್ಲವೇ ಪೇಪಾಲ್ ಖಾತೆ ಇರಬೇಕು. ರೂಪಾಯಿಯಲ್ಲಿ ಬೆಲೆ ಇಡುವ ಸೌಕರ್ಯವೂ ಇಲ್ಲ. ಬೆಂಗಳೂರಿನ ಕನ್ಸಾಲಿಡೇಟ್‌ನಂಥ ಲೇಬಲ್ಲಿನ ಸಂಗೀತವನ್ನು ಜಯನಗರದವರು ಕೊಂಡರೂ ಹಣ ಡಾಲರೋ ಯೂರೊವೋ ಆಗಿ ಹೊರದೇಶ ಸುತ್ತಿ, ಎರಡೂ ಕಡೆ ಶುಲ್ಕ ತೆತ್ತು, ಇಂದಿರಾನಗರಕ್ಕೆ ಬಂದು ಸೇರಬೇಕು. ಏಳು ಡಾಲರೆಂದರೆ ನಮ್ಮಲ್ಲಿ ಆರು ನೂರು ರೂಪಾಯಿಗೂ ಮೇಲೆ. ಬರ್ಲಿನ್ನಿನವರಿಗೆ ಒಂದು ಊಟದ ಬೆಲೆ, ಹುಬ್ಬಳ್ಳಿಯ ವಿದ್ಯಾರ್ಥಿಗೆ ವಾರದ ಖರ್ಚು. ಕಲಿಯುವ ಹುಡುಗರು ಮೊದಲು ಬೆಲೆ ಖಾಲಿ ಬಿಟ್ಟ ಆಲ್ಬಂಗಳಿಂದ ಶುರು ಮಾಡಲಿ ಎನ್ನುವುದು ನನ್ನ ಸಲಹೆ. ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಕ್ಯಾಸೆಟ್ ಮತ್ತು ಎಲ್‌ಪಿಗಳ ಮಾತು ಬೇರೆಯೇ. ಸಣ್ಣ ಲೇಬಲ್‌ಗಳು ಐವತ್ತೋ ನೂರೋ ಪ್ರತಿ ಮಾಡಿ, ಎಷ್ಟು ಉಳಿದಿವೆ ಎಂದು ಪುಟದಲ್ಲಿ ತೋರಿಸುತ್ತವೆ. "ಇನ್ನು 3 ಮಾತ್ರ" ಎಂದು ಕಂಡರೆ ಕೈ ನಿಲ್ಲುವುದಿಲ್ಲ. ಹಾಗೆ ಆಸೆಪಟ್ಟು ನಾನು ತರಿಸಿದ ಒಂದು ಎಲ್‌ಪಿಗೆ ಸಾಗಣೆ ವೆಚ್ಚ ತಟ್ಟೆಯ ಬೆಲೆಯನ್ನು ಮೀರಿತು, ಮೇಲೆ ಸುಂಕ ಬಿತ್ತು, ಕೊರಿಯರಿನವರು ತಂದುಕೊಟ್ಟಾಗ ಹೊದಿಕೆಯ ಒಂದು ಮೂಲೆ ಮಡಚಿ ಸುಕ್ಕಾಗಿತ್ತು. ತಟ್ಟೆ ಮಾತ್ರ ಹೇಗೋ ಬಚಾವಾಗಿತ್ತು. ಅಂದಿನಿಂದ ನಾನು ಫೈಲುಗಳಿಗೇ ಸೀಮಿತ.

ಅಂಗಡಿಯ ಒಡೆತನದ ವಿಷಯವನ್ನು ಮುಚ್ಚಿಡುವಂತಿಲ್ಲ. 2022ರ ಮಾರ್ಚಿನಲ್ಲಿ ವಿಡಿಯೊ ಆಟಗಳ ಕಂಪನಿ ಎಪಿಕ್ ಗೇಮ್ಸ್ ಇದನ್ನು ಕೊಂಡಿತು. ಒಂದೂವರೆ ವರ್ಷದಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಸಂಗೀತ ಪರವಾನಗಿಯ ವ್ಯವಹಾರ ಮಾಡುವ ಸಾಂಗ್‌ಟ್ರೇಡರ್‌ಗೆ ಮಾರಲು ನಿಶ್ಚಯಿಸಿತು. ಮರುತಿಂಗಳೇ ಸಿಬ್ಬಂದಿಯಲ್ಲಿ ಅರ್ಧದಷ್ಟು ಮಂದಿ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರು ಕಾರ್ಮಿಕ ಸಂಘ ಕಟ್ಟಿಕೊಂಡಿದ್ದರು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪಾಲಿನ ಲೆಕ್ಕ ಬದಲಾಗಿಲ್ಲ, ಪುಟಗಳೂ ಮೊದಲಿನಂತೆಯೇ ಇವೆ. ಆದರೂ ಕೊಂಡದ್ದನ್ನು ಅಲ್ಲಿಯೇ ಬಿಟ್ಟು ಆ್ಯಪಿನಲ್ಲಿ ಮಾತ್ರ ಕೇಳುತ್ತಿರುವವರು ಇವತ್ತೇ ಎಲ್ಲವನ್ನೂ ಡಿಸ್ಕಿಗೆ ಇಳಿಸಿಕೊಳ್ಳುವುದು ಒಳ್ಳೆಯದು.

ಕೊನೆಯದಾಗಿ, ಯಾವಾಗ ಕೊಳ್ಳಬೇಕೆಂಬ ಪ್ರಶ್ನೆ. ಕೋವಿಡ್ ಕಾಲದಲ್ಲಿ ಸಂಗೀತ ಕಛೇರಿಗಳು ನಿಂತು ಕಲಾವಿದರ ಕೈ ಬರಿದಾದಾಗ, 2020ರ ಮಾರ್ಚ್ 20ರಂದು ಬ್ಯಾಂಡ್‌ಕ್ಯಾಂಪ್ ಒಂದು ದಿನದ ಮಟ್ಟಿಗೆ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಆ ಒಂದು ದಿನ ಕೇಳುಗರು 43 ಲಕ್ಷ ಡಾಲರಿನ ಸಂಗೀತ ಕೊಂಡರು. ಅಲ್ಲಿಂದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಎಂಬುದು ವರ್ಷದಲ್ಲಿ ಹಲವು ಸಲ ಬರುವ ಪದ್ಧತಿಯಾಯಿತು. ದಿನದ ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯದು, ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೇ ಕೊಂಡರೆ ಶೇ. 15 ಎಂದಿನಂತೆ ಅಂಗಡಿಗೇ ಹೋಗುತ್ತದೆ. ಬೇಸಿಗೆಯಲ್ಲಿ ನಮ್ಮ ಶುಕ್ರವಾರ ಮಧ್ಯಾಹ್ನ 12.30ರಿಂದ, ಚಳಿಗಾಲದಲ್ಲಿ 1.30ರಿಂದ, ಮರುದಿನ ಅದೇ ಹೊತ್ತಿನವರೆಗೆ ಅವಕಾಶ. ನಾನು ತಿಂಗಳಿಡೀ ಇಷ್ಟವಾದದ್ದನ್ನು ಪಟ್ಟಿಗೆ ಹಾಕಿಟ್ಟು, ಆ ಮಧ್ಯಾಹ್ನ ಊಟ ಮುಗಿಸಿಕೊಂಡು ಬಂದು ಕೊಳ್ಳುತ್ತೇನೆ. ಈ ಸಲದ ಪಟ್ಟಿಯಲ್ಲಿ ಹನ್ನೊಂದು ಆಲ್ಬಂಗಳಿವೆ. ನಾಲ್ಕಕ್ಕೆ ಮಾತ್ರ ಹಣವಿದೆ.