ಮಡಿಸುವುದಕ್ಕೆ 5052, ಹೊರೆಗೆ 6061

ಅಲ್ಯೂಮಿನಿಯಂ ತಗಡು ಕೊಳ್ಳಲು ಹೋದವರಿಗೆ ಹೆಚ್ಚಾಗಿ ಎದುರಾಗುವ ಹೆಸರುಗಳು ಎರಡು: 5052-ಎಚ್32 ಮತ್ತು 6061-ಟಿ6. ಬೆಲೆ ಕೇಳುವ ಮೊದಲು ಹೆಸರಿನ ಬಾಲ (ಎಚ್32, ಟಿ6) ನೋಡಿ. ಬಲ ಎಲ್ಲಿಂದ ಬಂತೆಂದು ಹೇಳುವುದು ಅದೇ.

5052 ಕಾಯಿಸಿದರೆ ಗಟ್ಟಿಯಾಗುವ ಜಾತಿಯದಲ್ಲ. ತಣ್ಣಗಿರುವಾಗಲೇ ರೋಲರುಗಳ ನಡುವೆ ಹಿಂಡಬೇಕು. ಆಗ ಲೋಹದ ಹರಳುಕಣಗಳು ಲಟ್ಟಣಿಗೆಗೆ ಸಿಕ್ಕ ಹಿಟ್ಟಿನುಂಡೆಯಂತೆ ಚಪ್ಪಟೆಯಾಗಿ, ತಗಡು ಸಾಗಿದ ದಿಕ್ಕಿಗೆ ಉದ್ದವಾಗುತ್ತವೆ. ಕಣಗಳೊಳಗಿನ ಡಿಸ್‌ಲೊಕೇಶನ್ ಎಂಬ ದೋಷರೇಖೆಗಳು ಹೆಚ್ಚಿ, ಸಿಕ್ಕುಬಿದ್ದು, ಒಂದರ ಚಲನೆಗೆ ಇನ್ನೊಂದು ಅಡ್ಡಬರುತ್ತದೆ. ಮೆದುಸ್ಥಿತಿಯಲ್ಲಿ ಸುಮಾರು 90 ಮೆಗಾಪಾಸ್ಕಲ್‌ಗೇ (ಇದು ಒತ್ತಡದ ಅಳತೆ) ಶಾಶ್ವತವಾಗಿ ಬಾಗತೊಡಗುತ್ತಿದ್ದ ತಗಡು ಈಗ 190ರ ಆಸುಪಾಸಿನವರೆಗೆ ತಡೆಯುತ್ತದೆ. ಕೊನೆಗೆ ಹದವಾದ ಕಾವು ಕೊಟ್ಟು ಈ ಸ್ಥಿತಿಯನ್ನು ನೆಲೆಗೊಳಿಸುತ್ತಾರೆ; ಅದೇ ಎಚ್32.

6061ರ ಬಲ ಮುಖ್ಯವಾಗಿ ಕುಲುಮೆಯದು: ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟಾಗ ಮೆಗ್ನೀಸಿಯಂ–ಸಿಲಿಕಾನ್ ಕಣಗಳು ಒಸರುತ್ತವೆ. ಇದೇ ಟಿ6; ಬಾಗದೆ ತಡೆಯುವ ಬಲ ಸುಮಾರು 275 ಮೆಗಾಪಾಸ್ಕಲ್ ದೊರೆಯುತ್ತದೆ.

ಅಂಕಿ ನೋಡಿ ಮರುಳಾಗಬೇಡಿ. ಪೆಟ್ಟಿಗೆ, ಟ್ರೇ, ನೀರಿನ ಟ್ಯಾಂಕ್ ಆದರೆ ನನ್ನ ಮತ 5052ಕ್ಕೇ. ಟಿ6 ತಗಡನ್ನು ಬಿಗಿಯಾಗಿ ಮಡಿಸಿದರೆ ಹೊರಮೈಯಲ್ಲಿ ಕಿತ್ತಳೆ ಸಿಪ್ಪೆಯಂಥ ತರಿ, ಬೆನ್ನಿಗೇ ಬಿರುಕು. 5052ಕ್ಕೂ ಒಂದು ಷರತ್ತು ಇದೆ: ಮಡಿಕೆಯ ಗೆರೆ ಉರುಳಿಸಿದ ದಿಕ್ಕಿಗೆ ಅಡ್ಡವಾಗಿರಲಿ, ಅದರ ಗುಂಟ ಬೇಡ. ಮಡಿಕೆಯಿಲ್ಲದೆ ಕೊರೆದು ಬೋಲ್ಟ್ ಹಾಕುವ, ಭಾರ ಹೊರುವ ಬ್ರಾಕೆಟ್‌ಗೆ 6061 ಸರಿ.

ವೆಲ್ಡಿಂಗ್ ಮಾಡಿದರೆ ಬೆಸುಗೆಯ ಅಕ್ಕಪಕ್ಕ ಎರಡೂ ಮೆತ್ತಗಾಗುತ್ತವೆ.